ಕೇಬಲ್ ಬಿಗಿ ಮಾಡಿದ್ರೆ ಕಾಯಿಲೆ ಹೋಗಲ್ಲ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ಮೇಟಗಳ್ಳಿ ದಾಟಿ ಬರ್ತಾ ಇದ್ದೆ. ನಮ್ಮ ಮನೆಯ ಹಳೇ ಓಮ್ನಿ. ಹಿಂದಿನ ಸೀಟಿನಲ್ಲಿ ಅಮ್ಮ, ಪಕ್ಕದಲ್ಲಿ ಎರಡು ಮೂಟೆ ತೆಂಗಿನಕಾಯಿ. ಮುಂದೆ ಬಸ್ ನಿಂತಿತ್ತು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದೆ. ಗಾಡಿ ನಿಧಾನ ಆಗಲಿಲ್ಲ. ಇಂಜಿನ್ ಹಾಗೇ ಕಿರುಚುತ್ತಾ ಇತ್ತು.

ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಅದುಮಿ ಪಕ್ಕಕ್ಕೆ ತಂದು ನಿಲ್ಲಿಸಿದೆ. ಬಸ್ಸಿಗೂ ನಮಗೂ ಮೂರು ಮಾರು ಇತ್ತೇನೋ. ಅಮ್ಮನಿಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ. 'ಯಾಕಪ್ಪ ಇಲ್ಲಿ ನಿಲ್ಲಿಸಿದೆ' ಅಂದರು. ನನ್ನ ಕೈ ನಡುಗುತ್ತಿತ್ತು.

ಅಲ್ಲಿಂದ ಗಾಡಿಯನ್ನು ಎಳೆಸಿಕೊಂಡು ಕುಂಬಾರಕೊಪ್ಪಲಿನ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಮುಂದಿನ ಸೀಟು ಎತ್ತಿದರು. ಓಮ್ನಿಯ ಇಂಜಿನ್ ಇರೋದು ಸೀಟಿನ ಕೆಳಗೆ ತಾನೆ. ಆಕ್ಸಿಲರೇಟರ್ ಕೇಬಲ್ಲಿನ ತುದಿ ತೋರಿಸಿದರು. ಒಳಗಿನ ತಂತಿಯ ನಾಲ್ಕೈದು ಎಳೆ ಕಿತ್ತುಹೋಗಿ, ಪೊರಕೆ ಕಡ್ಡಿ ಥರ ಕೆದರಿ, ಹೊರಕವಚದ ಬಾಯಿಗೆ ಸಿಕ್ಕಿಕೊಂಡಿದ್ದವು. ಆಮೇಲೆ ಇನ್ನೊಂದು ತೋರಿಸಿದರು. ಕೇಬಲ್ ಬಿಗಿ ಮಾಡುವ ನಟ್ಟನ್ನು ಥ್ರೆಡ್ ಮುಗಿಯುವ ತನಕ ಯಾರೋ ತಿರುಗಿಸಿದ್ದರು. 'ಇದನ್ನ ಯಾರು ಇಷ್ಟು ಎಳೆದವರು?' ಅಂತ ಕೇಳಿದರು.

ಯಾರು ಅಂತ ನನಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ ನಮ್ಮೂರ ಕಡೆಯ ಬೇರೊಂದು ಗ್ಯಾರೇಜಿನಲ್ಲಿ 'ಐಡ್ಲಿಂಗ್ ನಿಲ್ತಾ ಇಲ್ಲ, ಸಿಗ್ನಲ್‌ನಲ್ಲಿ ಆಫ್ ಆಗುತ್ತೆ' ಅಂತ ಹೇಳಿದ್ದೆ. ಆತ ಎರಡು ನಿಮಿಷದಲ್ಲಿ ಕೇಬಲ್ ಬಿಗಿ ಮಾಡಿ 50 ರೂಪಾಯಿ ತಗೊಂಡ. ಗಾಡಿ ಆಫ್ ಆಗೋದು ನಿಂತಿತು. ನಾನು ಖುಷಿಯಿಂದ ಬಂದೆ. ತಪ್ಪು ಅವನೊಬ್ಬನದಲ್ಲ. ಕಡಿಮೆ ದುಡ್ಡಿಗೆ, ಬೇಗ ಆಗಬೇಕು ಅಂದವನು ನಾನೇ.

ಈ ಬರಹ ಬರೆಯುತ್ತಿರುವುದು ಅದಕ್ಕೇ. ನಮ್ಮ ಹಳ್ಳಿಗಳಲ್ಲಿ ಇವತ್ತೂ ಓಡುತ್ತಿರುವ ಹಳೇ ಕಾರುಗಳಲ್ಲಿ ಇಂಥ ರಿಪೇರಿ ಬಹಳ ನಡೆಯುತ್ತದೆ. ಮಾರುತಿ 800 ತಯಾರಿಕೆ ನಿಂತಿದ್ದು 2014ರಲ್ಲಿ. ಓಮ್ನಿ ನಿಂತಿದ್ದು 2019ರಲ್ಲಿ. ಆದರೆ ಹಾಲಿನ ಕ್ಯಾನಿಗೆ, ತರಕಾರಿಗೆ, ಮದುವೆಗೆ, ಆಸ್ಪತ್ರೆಗೆ ನಮಗೆ ಈಗಲೂ ಇವೇ ಗಾಡಿಗಳು. ಇವುಗಳಲ್ಲಿ ನಿಮ್ಮ ಕಾಲಿಗೂ ಇಂಜಿನ್ನಿಗೂ ನಡುವೆ ಇರುವುದು ಒಂದೇ ಒಂದು ತಂತಿ.

ಅದು ಮಾಡುವ ಕೆಲಸ ಸರಳ. ಪೆಡಲ್ ಒತ್ತಿದರೆ ತಂತಿ ಎಳೆಯುತ್ತದೆ. ಆ ಕಡೆ ಕಾರ್ಬುರೇಟರ್ ಅಥವಾ ಥ್ರಾಟಲ್ ಬಾಡಿಯಲ್ಲಿರುವ ಗಾಳಿಯ ಬಾಗಿಲು ತೆರೆಯುತ್ತದೆ. ಕಾಲು ತೆಗೆದರೆ ಸ್ಪ್ರಿಂಗ್ ಆ ಬಾಗಿಲನ್ನು ಮುಚ್ಚುತ್ತದೆ. ಮುಚ್ಚುವುದು ತಂತಿಯ ಕೆಲಸ ಅಲ್ಲ, ಸ್ಪ್ರಿಂಗಿನ ಕೆಲಸ. ಆದ್ದರಿಂದ ತಂತಿ ಎಲ್ಲೂ ತಡೆಯದೆ ಹಿಂದಕ್ಕೆ ಜಾರಬೇಕು. ಅದಕ್ಕೇ ಕಾಲು ತೆಗೆದಾಗ ತಂತಿಯಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಎಷ್ಟು ಮಿಲಿಮೀಟರ್ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಅದು ಸರ್ವಿಸ್ ಪುಸ್ತಕದಲ್ಲಿರುತ್ತದೆ.

ಸಡಿಲ ಜಾಸ್ತಿಯಾದರೆ ಪೆಡಲ್ ಪೂರ್ತಿ ಒತ್ತಿದರೂ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಗಾಡಿ ಏರಿನಲ್ಲಿ ಸೋಲುತ್ತದೆ. ಬಿಗಿ ಜಾಸ್ತಿಯಾದರೆ ಎರಡು ಅಪಾಯ. ಒಂದು, ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಇಂಜಿನ್ ಸುಮ್ಮನೆ ಜೋರಾಗಿ ತಿರುಗುತ್ತಾ ಪೆಟ್ರೋಲ್ ಕುಡಿಯುತ್ತದೆ. ಎರಡು, ಪೆಡಲ್ ನೆಲ ಮುಟ್ಟುವ ಮೊದಲೇ ಆ ಕಡೆಯ ಬಾಗಿಲು ಕೊನೆ ಮುಟ್ಟಿರುತ್ತದೆ. ಆಮೇಲೆ ನೀವು ಒತ್ತುವ ಬಲವೆಲ್ಲ ಬೀಳುವುದು ತಂತಿಯ ಮೇಲೆ. ಎಳೆ ಕೀಳುವುದು ಹೀಗೆ. ನನ್ನ ಗಾಡಿಯಲ್ಲಿ ಆಗಿದ್ದೂ ಇದೇ ಅಂತ ಆ ಹಿರಿಯರು ಹೇಳಿದರು.

ಹಾಗಾದರೆ ಐಡ್ಲಿಂಗ್ ಯಾಕೆ ನಿಲ್ಲುತ್ತಿರಲಿಲ್ಲ? ಥ್ರಾಟಲ್ ಬಾಡಿಯ ಒಳಗೆ ಮಸಿ ಕಟ್ಟಿತ್ತು. ಕ್ಲೀನರ್ ಹಾಕಿ ಒರೆಸಿದ ಮೇಲೆ ಸರಿಹೋಯಿತು. ಹಳೇ ಕಾರ್ಬುರೇಟರ್ ಗಾಡಿಗಳಲ್ಲಿ ಐಡ್ಲಿಂಗಿಗೆ ಬೇರೆ ಸ್ಕ್ರೂ ಇರುತ್ತದೆ. ಎಂಪಿಎಫ್ಐ ಗಾಡಿಗಳಲ್ಲಿ ಐಡ್ಲಿಂಗನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅಲ್ಲಿ ಕೇಬಲ್ ಎಳೆದಿಟ್ಟರೆ, ಕಾಲು ಇನ್ನೂ ಪೆಡಲ್ ಮೇಲೇ ಇದೆ ಅಂತ ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ಕೇಬಲ್ ಬಿಗಿ ಮಾಡಿ ಐಡ್ಲಿಂಗ್ ಏರಿಸುವುದು, ಜ್ವರ ಬಂದಾಗ ಥರ್ಮಾಮೀಟರ್ ಒಡೆದ ಹಾಗೆ.

'ಇದೆಲ್ಲ ಮೆಕ್ಯಾನಿಕ್ ಕೆಲಸ, ನಾವ್ಯಾಕೆ ಕೈ ಹಾಕಬೇಕು' ಅಂತ ಹೇಳುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ರಿಪೇರಿ ಅವರ ಕೆಲಸ. ನೋಡುವುದು ನಮ್ಮ ಕೆಲಸ. ಎತ್ತಿನ ಕಾಲಿಗೆ ಲಾಳ ಕಟ್ಟುವವನು ಬೇರೆ ಇದ್ದರೂ, ಎತ್ತು ಕುಂಟುತ್ತಿದೆಯೋ ಇಲ್ಲವೋ ಅಂತ ನೋಡುತ್ತಿದ್ದವನು ಯಜಮಾನನೇ ಅಲ್ಲವೇ?

ತಿಂಗಳಿಗೊಮ್ಮೆ ಹತ್ತು ನಿಮಿಷ ಸಾಕು. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ನೋಡಿ. ಪೆಡಲನ್ನು ಕೈಯಲ್ಲಿ ಒತ್ತಿ ಬಿಡಿ. 'ಟಪ್' ಅಂತ ವಾಪಸ್ ಬರಬೇಕು, ತೆವಳಿಕೊಂಡು ಬರಬಾರದು. ಕಾಲಡಿಯ ಮ್ಯಾಟ್ ಪೆಡಲಿಗೆ ಸಿಗುತ್ತದೆಯೇ ನೋಡಿ. ಇದು ಸಣ್ಣ ಮಾತಲ್ಲ. 2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಂಪನಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಗಿ ಬಂದಿದ್ದು ಪೆಡಲಿಗೆ ಮ್ಯಾಟ್ ಸಿಕ್ಕಿಕೊಳ್ಳುತ್ತದೆ ಅನ್ನುವ ಕಾರಣಕ್ಕೆ.

ಆಮೇಲೆ ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಇಂಜಿನ್ ಕಡೆ ನೋಡಲಿ. ಥ್ರಾಟಲ್ ಲಿವರ್ ಕೊನೆ ಮುಟ್ಟಬೇಕು, ಬಿಟ್ಟಾಗ ಪೂರ್ತಿ ವಾಪಸ್ ಬರಬೇಕು. ಕೇಬಲ್ಲಿನ ಎರಡೂ ತುದಿಯಲ್ಲಿ ಒಂದು ಎಳೆ ಕಿತ್ತಿದ್ದರೂ ಬದಲಿಸಿ. ಗಂಟು ಹಾಕಿಸಬೇಡಿ, ಬೆಸುಗೆ ಹಾಕಿಸಬೇಡಿ. ಹೊರಕವಚ ಸೈಲೆನ್ಸರಿನ ಬಿಸಿ ಪೈಪಿಗೆ ತಾಗಿ ಕರಗಿದೆಯೇ, ಎಲ್ಲಾದರೂ ಮಡಚಿದೆಯೇ ನೋಡಿ. ಒಳಗೆ ಪ್ಲಾಸ್ಟಿಕ್ ಪದರ ಇರುವ ಕೇಬಲ್ಲಿಗೆ ಗ್ರೀಸ್ ತುಂಬಬೇಡಿ. ನಮ್ಮ ರಸ್ತೆಯ ಧೂಳು ಅದಕ್ಕೆ ಅಂಟಿ ಇನ್ನಷ್ಟು ಹಿಡಿಯುತ್ತದೆ.

ಬೈಕ್ ಇರುವವರಿಗೂ ಒಂದು ಮಾತು. ಗಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ. ಇಂಜಿನ್ ಶಬ್ದ ಬದಲಾದರೆ ಕೇಬಲ್ ಬಿಗಿ ಇದೆ ಅಥವಾ ಎಲ್ಲೋ ಸಿಕ್ಕಿದೆ ಅಂತ ಅರ್ಥ.

ಓಡುವಾಗಲೇ ಆಕ್ಸಿಲರೇಟರ್ ಸಿಕ್ಕಿಕೊಂಡರೆ? ಬಗ್ಗಿ ಪೆಡಲ್ ಎತ್ತಲು ಹೋಗಬೇಡಿ. ಕ್ಲಚ್ ಒತ್ತಿ, ನ್ಯೂಟ್ರಲ್ ಮಾಡಿ. ಇಂಜಿನ್ ಕಿರುಚಿದರೆ ಕಿರುಚಲಿ. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪದೇ ಪದೇ ಒತ್ತಬೇಡಿ. ನಿಂತ ಮೇಲೆ ಕೀ ಆಫ್ ಮಾಡಿ. ಓಡುವಾಗ ಕೀ ಎಳೆದು ತೆಗೆದರೆ ಸ್ಟಿಯರಿಂಗ್ ಲಾಕ್ ಆಗಬಹುದು.

ಈಗ ನನ್ನ ದೂರು. ಕುಂಬಾರಕೊಪ್ಪಲಿನ ಪಕ್ಕದಲ್ಲೇ ಯಾದವಗಿರಿ. 1961ರಿಂದ 1996ರವರೆಗೆ ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದವು. ಕೇಬಲ್ ಅಂದರೆ ಏನು ಅಂತ ಬೆರಳ ತುದಿಯಲ್ಲೇ ತಿಳಿದ ಕೈಗಳು ಈ ಭಾಗದಲ್ಲಿ ಇದ್ದದ್ದು ಸುಮ್ಮನೆ ಅಲ್ಲ. ಆ ಕೈಗಳಿಗೆ ಈಗ ವಯಸ್ಸಾಗಿದೆ. ಹೊಸ ಕಾರುಗಳಲ್ಲಿ ಈ ಕೇಬಲ್ಲೇ ಇಲ್ಲ. ಪೆಡಲಿನಲ್ಲಿ ಸೆನ್ಸರ್, ಮಿಕ್ಕಿದ್ದು ವೈರ್. ಹೊಸ ಹುಡುಗರು ಅದನ್ನೇ ಕಲಿಯಬೇಕು, ಸರಿ. ಆದರೆ ಹಳೇ ಗಾಡಿ ಇರುವುದು ಹೊಸದು ಕೊಳ್ಳಲು ಆಗದವರ ಹತ್ತಿರ. ಅರೆಬರೆ ರಿಪೇರಿಯ ಬೆಲೆ ತೆರುವವರೂ ಅವರೇ.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು. ಮೊಬೈಲ್, ಮನೆ ಉಪಕರಣ, ಕೃಷಿ ಯಂತ್ರ, ವಾಹನ, ಎಲ್ಲದರ ರಿಪೇರಿ ಮಾಹಿತಿ ಜನರಿಗೆ ಸಿಗಬೇಕು ಅನ್ನೋದು ಅದರ ಉದ್ದೇಶ. ಒಳ್ಳೆಯದೇ. ಆದರೆ ನನ್ನ ಗಾಡಿಯ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆ. ನಮ್ಮೂರ ಮೆಕ್ಯಾನಿಕ್ ಓದುವುದು ಕನ್ನಡ. ಕೇಬಲ್ ಎಷ್ಟು ಸಡಿಲ ಇರಬೇಕು ಅನ್ನುವ ಒಂದು ಸಾಲು ಅವನ ಭಾಷೆಯಲ್ಲಿ ಅವನ ಗೋಡೆಯ ಮೇಲಿದ್ದಿದ್ದರೆ, ಅವನು ನಟ್ಟನ್ನು ಕೊನೆ ತನಕ ತಿರುಗಿಸುತ್ತಿದ್ದನೇ? ಕಂಪನಿಗಳು, ಐಟಿಐಗಳು ಮನಸ್ಸು ಮಾಡಿದರೆ ಇದು ಒಂದು ಹಾಳೆಯ ಕೆಲಸ.

ಅದು ಬರುವ ತನಕ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಮೆಕ್ಯಾನಿಕ್ ಕೇಬಲ್ ಬಿಗಿ ಮಾಡಲು ಸ್ಪ್ಯಾನರ್ ಎತ್ತಿದರೆ 'ಯಾಕಣ್ಣ?' ಅಂತ ಒಂದು ಮಾತು ಕೇಳಿ. ಹೊಸ ಕೇಬಲ್ ಹಾಕಿದರೆ ಹಳೇದನ್ನು ತೋರಿಸಿ ಅನ್ನಿ. ಸರಿಯಾಗಿ ಹುಡುಕಿ ಕೆಲಸ ಮಾಡುವವರಿಗೆ ನೂರು ರೂಪಾಯಿ ಜಾಸ್ತಿ ಕೊಡಲು ಹಿಂದೆಮುಂದೆ ನೋಡಬೇಡಿ.

ಆ ಕಿತ್ತ ಕೇಬಲ್ ನಾನು ಬಿಸಾಡಿಲ್ಲ. ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಗೆ, ಗಾಡಿ ಕೀ ಪಕ್ಕದಲ್ಲೇ ನೇತು ಹಾಕಿದ್ದೇನೆ. ಅಮ್ಮ 'ಇದ್ಯಾಕೋ ಇಲ್ಲಿ' ಅಂತ ಬೈತಾರೆ. ಪ್ರತಿ ಸಲ ಕೀ ತಗೊಳ್ಳುವಾಗ ಕಣ್ಣಿಗೆ ಬೀಳಲಿ ಅಂತ.