‘ಸಂಪ್ರದಾಯದ ಉಡುಗೆ’ ಅಂತೀರಲ್ಲ, ಯಾವ ಇಸವಿಯದು?

ಟರ್ಕಿ ಹೆಂಗಸರ ಬಟ್ಟೆಯ ಮಾತು ಬಂದರೆ ಸಾಕು, ಎರಡು ಗುಂಪು ಜಗಳಕ್ಕೆ ನಿಲ್ಲುತ್ತವೆ. ಒಂದು ಗುಂಪಿನ ಪ್ರಕಾರ ಮೈಯೆಲ್ಲ ಮುಚ್ಚುವ ಕರಿ ಬಟ್ಟೆಯೇ ಅಲ್ಲಿನ ಅಸಲಿ ಸಂಪ್ರದಾಯ, ನಡುವೆ ಬಂದವರು ಅದನ್ನು ಕೆಡಿಸಿದರು. ಇನ್ನೊಂದು ಗುಂಪಿನ ಪ್ರಕಾರ ಕತ್ತಲಲ್ಲಿದ್ದ ಹೆಂಗಸರನ್ನು ಅತಾತುರ್ಕ್ ಒಂದೇ ಏಟಿಗೆ ಬೆಳಕಿಗೆ ತಂದ. ಎರಡೂ ಸುಳ್ಳು. ಬಟ್ಟೆಯನ್ನೇ ಕೈಗೆತ್ತಿಕೊಂಡು ನೋಡೋಣ ಬನ್ನಿ.

ಮೊದಲು ಶಲ್ವಾರ್. ನಮ್ಮ ಹುಡುಗಿಯರು ತೊಡುವ ಸಲ್ವಾರ್ ಕೂಡ ಇದೇ ಹೆಸರು, ಎರಡೂ ಪಾರಸಿಯಿಂದ ಬಂದದ್ದು. ಒಟ್ಟೋಮನ್ ಕಾಲದಲ್ಲಿ ಗಂಡಸರೂ ಹೆಂಗಸರೂ ಈ ಸಡಿಲ ಇಜಾರ ತೊಡುತ್ತಿದ್ದರು. ಹೆಂಗಸರು ಅದರ ಮೇಲೆ ತೆಳ್ಳನೆ ಅಂಗಿ, ಅದರ ಮೇಲೆ ಎಂತಾರಿ ಎಂಬ ಉದ್ದ ನಿಲುವಂಗಿ ತೊಟ್ಟು ಸೊಂಟಕ್ಕೆ ಪಟ್ಟಿ ಕಟ್ಟುತ್ತಿದ್ದರು. ಎಂತಾರಿ ಮುಂದೆ ತೆರೆದು, ಎರಡೂ ಪಕ್ಕ ಸೀಳಿದ್ದರೆ ಅದಕ್ಕೆ ‘ಉಚ್ ಎತೆಕ್’ ಅನ್ನುತ್ತಿದ್ದರು. ಅಂದರೆ ಮೂರು ಸೆರಗಿನದು. ಕೆಲಸಕ್ಕೆ ನಿಂತಾಗ ಮುಂದಿನ ಎರಡು ಸೆರಗನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದರಾಯಿತು. ನಾಟಿಗೆ ಇಳಿಯುವ ನಮ್ಮ ಹೆಂಗಸರು ಸೀರೆ ಎತ್ತಿ ಕಟ್ಟುವುದಿಲ್ಲವೇ, ಹಾಗೆ.

ಹೊರಗೆ ಹೊರಟರೆ ಫೆರಾಜೆ ಎಂಬ ಮೇಲಂಗಿ, ತಲೆ ಮತ್ತು ಮುಖಕ್ಕೆ ಯಾಶ್ಮಾಕ್ ಎಂಬ ಎರಡು ತುಂಡಿನ ಬಿಳಿ ಬಟ್ಟೆ. ಇವೂ ಒಂದೇ ಥರ ಉಳಿಯಲಿಲ್ಲ. ಫೆರಾಜೆಯ ಕಾಲರ್ ಉದ್ದವಾಗುತ್ತಾ ಹೋಯಿತು. ಯಾಶ್ಮಾಕ್ ಮುಖ ಕಾಣುವಷ್ಟು ತೆಳುವಾಯಿತು. ಅರಮನೆಗೆ ಸಿಟ್ಟು ಬಂತು. 1726ರಲ್ಲಿ, ಮೂರನೇ ಅಹ್ಮದ್ ಸುಲ್ತಾನನಾಗಿದ್ದಾಗ, ಹೆಂಗಸರ ಕಾಲರಿನ ಅಳತೆಗೂ ಆಜ್ಞೆ ಹೊರಟಿತು. ಅಂಥ ಆಜ್ಞೆಗಳು ಆಮೇಲೂ ಬರುತ್ತಲೇ ಇದ್ದವು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಯಿತು ಅಂದರೆ ಏನರ್ಥ? ಹೆಂಗಸರು ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ.

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಗಾಳಿ ಬೀಸಿತು. ಕ್ರಿಮಿಯಾ ಯುದ್ಧದ ಕಾಲದಲ್ಲಿ (1853–56) ಇಸ್ತಾಂಬುಲ್‌ಗೆ ಫ್ರೆಂಚರೂ ಇಂಗ್ಲಿಷರೂ ದಂಡುದಂಡಾಗಿ ಬಂದರು. 1869ರಲ್ಲಿ ಫ್ರಾನ್ಸಿನ ರಾಣಿ ಯೂಜಿನಿಯೇ ಬಂದು ಹೋದಳು. ಶ್ರೀಮಂತರ ಮನೆಯಲ್ಲಿ ಶಲ್ವಾರ್ ಮಾಯವಾಗಿ ಸೊಂಟ ಬಿಗಿದ ಗೌನು, ಲಂಗ, ಜಾಕೀಟು ಬಂದವು. ಮೊದಲು ಬಟ್ಟೆಯನ್ನು ನೇರವಾಗಿ ಕತ್ತರಿಸಿ ಹೊಲಿದು ಮೈಮೇಲೆ ಇಳಿಬಿಡುತ್ತಿದ್ದರು. ಈಗ ಮೈಯಳತೆಗೆ ತಕ್ಕಂತೆ ಕತ್ತರಿ ಆಡಿಸುವ ಕಾಲ ಬಂತು. ಆಕಾರ ಬದಲಾದದ್ದು ಹೀಗೆ. ಅತಾತುರ್ಕ್ ಆಗಿನ್ನೂ ಹುಟ್ಟಿರಲಿಲ್ಲ.

ಇನ್ನು ಆ ಕರಿ ಬಟ್ಟೆ, ಚಾರ್ಶಾಫ್. ನಮ್ಮ ‘ಚಾದರ’ ಇದೆಯಲ್ಲ, ಆ ಪದವೇ ಇದರೊಳಗೂ ಇದೆ. ಇಸ್ತಾಂಬುಲ್ ಬೀದಿಯಲ್ಲಿ ಇದು ಹಬ್ಬಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ. 1892ರಲ್ಲಿ ಇದನ್ನು ನಿಷೇಧಿಸಿದ್ದು ಯಾರು ಗೊತ್ತೇ? ಸುಲ್ತಾನ ಎರಡನೇ ಅಬ್ದುಲ್ ಹಮೀದ್. ಇಸ್ಲಾಮಿನ ಖಲೀಫನೂ ಅವನೇ! ಇಂದು ಯಾವುದನ್ನು ಸಾವಿರ ವರ್ಷದ ಸಂಪ್ರದಾಯ ಅನ್ನುತ್ತಾರೋ, ಅದು ಖಲೀಫನ ಕಣ್ಣಿಗೇ ಹೊಸ ಫ್ಯಾಷನ್ನಾಗಿ ಚುಚ್ಚಿತ್ತು. ಅವನ ಮಾತನ್ನೂ ಹೆಂಗಸರು ಕೇಳಲಿಲ್ಲ, ಚಾರ್ಶಾಫ್ ಉಳಿಯಿತು.

ಈಗ ಎರಡನೇ ಗುಂಪಿಗೆ ಬರುತ್ತೇನೆ. 1925ರ ಟೋಪಿ ಕಾನೂನು ಗಂಡಸರ ತಲೆಗೆ ಸಂಬಂಧಿಸಿದ್ದು. ಹೆಂಗಸರ ಮುಸುಕಿಗೆ ದೇಶವ್ಯಾಪಿ ಕಾನೂನು ಬರಲೇ ಇಲ್ಲ. ಮೂವತ್ತರ ದಶಕದಲ್ಲಿ ಆಯಾ ಊರಿನ ನಗರಸಭೆಗಳು ಮುಸುಕು, ಚಾರ್ಶಾಫ್ ಬೇಡ ಅಂತ ನಿರ್ಣಯ ಮಾಡಿದವು. 1934ರಲ್ಲಿ ಹೆಂಗಸರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ, ನಿಲ್ಲುವ ಹಕ್ಕು ಸಿಕ್ಕಿತು. ಅದು ದೊಡ್ಡ ಮಾತೇ, ಅಲ್ಲಗಳೆಯುವುದಿಲ್ಲ. ಆದರೆ ಅದೇ ಗಣರಾಜ್ಯ 1980ರ ಸೇನಾ ಕ್ರಾಂತಿಯ ಮೇಲೆ ತಲೆವಸ್ತ್ರ ಕಟ್ಟಿದ ಹುಡುಗಿಯರನ್ನು ವಿಶ್ವವಿದ್ಯಾಲಯದ ಬಾಗಿಲಲ್ಲಿ ತಡೆಯಿತು. 1999ರಲ್ಲಿ ಜನ ಗೆಲ್ಲಿಸಿ ಕಳಿಸಿದ ಮೆರ್ವೆ ಕವಾಕ್ಚಿ ತಲೆವಸ್ತ್ರದಲ್ಲಿ ಸಂಸತ್ತಿಗೆ ಬಂದಾಗ ಪ್ರಮಾಣವಚನ ಮಾಡಲು ಬಿಡಲಿಲ್ಲ. ಸರ್ಕಾರಿ ನೌಕರಿಯಲ್ಲಿ ನಿಷೇಧ ಸಡಿಲವಾಗಿದ್ದು 2013ರಲ್ಲಿ. ತೊಡು ಅನ್ನುವವನೂ ತೆಗೆ ಅನ್ನುವವನೂ ಕೈ ಹಾಕಿದ್ದು ಒಂದೇ ತಲೆಗೆ.

ನಮಗೆ ಇದೆಲ್ಲ ಯಾಕೆ ಅಂತೀರಾ? 2022ರಲ್ಲಿ ನಮ್ಮದೇ ಹೈಕೋರ್ಟಿನಲ್ಲಿ ಹಿಜಾಬ್ ವಾದ ನಡೆದಾಗ ಟರ್ಕಿಯ ಹೆಸರೂ ಬಂತು. ತಮಗೆ ಬೇಕಾದ ಟರ್ಕಿಯನ್ನು ಮಾತ್ರ ಹೆಕ್ಕಿಕೊಳ್ಳುವವರು ಎರಡೂ ಕಡೆ ಇದ್ದಾರೆ.

ಈ ಗದ್ದಲದಲ್ಲಿ ಯಾರೂ ಕೇಳದೆ ಬಿಟ್ಟವಳು ಹಳ್ಳಿಯ ಹೆಂಗಸು. ಅರಮನೆ ಶಲ್ವಾರ್ ಬಿಟ್ಟ ಮೇಲೂ ಅನತೋಲಿಯಾದ ಹೊಲಗಳಲ್ಲಿ ಅದು ಉಳಿಯಿತು. ಕೂತು ಕಳೆ ಕೀಳಲು, ಬಗ್ಗಿ ಹತ್ತಿ ಬಿಡಿಸಲು ಅದೇ ಅನುಕೂಲ. ತಲೆಗೆ ಯಾಜ್ಮಾ ಎಂಬ ಹೂವಿನಚ್ಚಿನ ವಸ್ತ್ರ, ಅದರ ಅಂಚಿಗೆ ಓಯಾ ಎಂಬ ಸೂಜಿ ಕಸೂತಿ. ಗಂಡನ ಮೇಲೆ ಮುನಿದವಳು ಮೆಣಸಿನಕಾಯಿ ಆಕಾರದ ಓಯಾ ಹಾಕಿಕೊಂಡು ಓಡಾಡುತ್ತಿದ್ದಳು ಅಂತ ಅಲ್ಲಿನ ಜನ ಹೇಳುತ್ತಾರೆ. ಅವಳ ಬಟ್ಟೆಯನ್ನು ತೀರ್ಮಾನಿಸಿದ್ದು ಅವಳ ಕೆಲಸ, ಅವಳ ಕೈ, ಅವಳ ಸಿಟ್ಟು.

ಆದ್ದರಿಂದ ನಾಳೆ ನಿಮ್ಮೂರಿನ ಕಟ್ಟೆ ಮೇಲೆ ಯಾರಾದರೂ ಹೆಣ್ಣುಮಕ್ಕಳ ಬಟ್ಟೆಗೆ ‘ಸಂಪ್ರದಾಯ’ ಅಂತ ಗೆರೆ ಎಳೆದರೆ, ಅಥವಾ ‘ಆಧುನಿಕತೆ’ ಅಂತ ಗೆರೆ ಎಳೆದರೆ, ಸುಮ್ಮನೆ ತಲೆಯಾಡಿಸಬೇಡಿ. ಯಾವ ಇಸವಿಯದು ಅಂತ ಕೇಳಿ. ತೊಡುವವಳನ್ನು ಕೇಳಿದ್ದೀರಾ ಅಂತಲೂ ಕೇಳಿ.