ಕಾರ್ಯಸೂಚಿಯಲ್ಲಿ ನಮ್ಮ ಶಾಲೆ ಎಲ್ಲಿದೆ?

2025ರ ಡಿಸೆಂಬರಿನಲ್ಲಿ ಚುನಾವಣೆ ಮುಗಿದು ಕೇರಳದ ಗ್ರಾಮ ಪಂಚಾಯತುಗಳಲ್ಲೂ ನಗರಸಭೆಗಳಲ್ಲೂ ಹೊಸ ಆಡಳಿತ ಸಮಿತಿಗಳು ಅಧಿಕಾರ ವಹಿಸಿಕೊಂಡವು. ಜನಪ್ರತಿನಿಧಿಯೊಬ್ಬರು ಕನ್ನಡದಲ್ಲಿ ಪ್ರತಿಜ್ಞೆ ಸ್ವೀಕರಿಸುವುದನ್ನು ಕಂಡಾಗ ಕಾಸರಗೋಡಿನ ಕನ್ನಡಿಗರಾದ ನಮಗೆ ಸಹಜವಾಗಿಯೇ ಸಂತೋಷವಾಗುತ್ತದೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅವರು ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗಲೂ ನಾವು ಹಾಗೆಯೇ ಸಂತೋಷಪಟ್ಟಿದ್ದೆವು. ಆದರೆ ಪ್ರತಿಜ್ಞೆ ಒಂದು ದಿನದ ಕಾರ್ಯ. ಅನಂತರದ ಐದು ವರ್ಷಗಳ ಕಾಲ ತಿಂಗಳು ತಿಂಗಳೂ ನಡೆಯುವ ಸಾಮಾನ್ಯ ಸಭೆಗಳಿಗೆ ಛಾಯಾಗ್ರಾಹಕರು ಬರುವುದಿಲ್ಲ, ನಾವೂ ಹೋಗುವುದಿಲ್ಲ. ಕನ್ನಡ ಮಾಧ್ಯಮ ಶಾಲೆಗಳ ಅಳಿವು ಉಳಿವಿನ ಬಹುಪಾಲು ನಿರ್ಣಯವಾಗುವುದು ಆ ನೀರಸ ಸಭೆಗಳಲ್ಲಿಯೇ ಎಂಬುದನ್ನು ಪೋಷಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸಭೆಯಲ್ಲಿ ನಡೆಯುವುದೇನು?

ಯಾವುದೇ ಆಡಳಿತ ಸಮಿತಿಯ ಮಾಸಿಕ ಸಭೆಯ ಕಾರ್ಯಸೂಚಿಯನ್ನು ಕೈಗೆತ್ತಿಕೊಂಡರೂ ಅದರ ಸ್ವರೂಪ ಹೆಚ್ಚುಕಡಿಮೆ ಒಂದೇ. ಹಿಂದಿನ ಸಭೆಯ ನಡವಳಿಯ ಅಂಗೀಕಾರ, ಸರಕಾರದಿಂದ ಬಂದ ಆದೇಶ ಹಾಗೂ ಪತ್ರಗಳ ಪರಿಶೀಲನೆ, ಸ್ಥಾಯೀ ಸಮಿತಿಗಳ ಶಿಫಾರಸು, ಪಿಂಚಣಿ ಅರ್ಜಿಗಳು, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ, ರಸ್ತೆ ಕಾಮಗಾರಿಯ ಟೆಂಡರ್, ಕೆಟ್ಟುಹೋದ ಬೀದಿದೀಪ, ಕುಡಿಯುವ ನೀರು, ಹರಿತ ಕರ್ಮ ಸೇನೆಯ ತ್ಯಾಜ್ಯ ಸಂಗ್ರಹ, ಬೀದಿನಾಯಿಗಳ ಹಾವಳಿ. ಕೊನೆಯಲ್ಲಿ ಅಧ್ಯಕ್ಷರ ಅನುಮತಿಯ ಮೇರೆಗೆ ಇತರ ವಿಷಯಗಳು. ಇವುಗಳಲ್ಲಿ ‘ಕನ್ನಡ’ ಎಂಬ ಪದ ಒಂದು ಸಲವೂ ಕಾಣಿಸಿಕೊಳ್ಳದಿರಬಹುದು. ಆದುದರಿಂದ ಈ ಸಭೆಗೂ ನಮ್ಮ ಭಾಷೆಗೂ ಸಂಬಂಧವಿಲ್ಲವೆಂದು ನಾವು ಭಾವಿಸಿಬಿಟ್ಟಿದ್ದೇವೆ. ಈ ಭಾವನೆ ತಪ್ಪು.

ಮನೆಯ ಬಳಿಯೇ ಮಲಯಾಳ ಮಾಧ್ಯಮದ ಶಾಲೆಯೋ ಆಂಗ್ಲ ಮಾಧ್ಯಮದ ಶಾಲೆಯ ವಾಹನವೋ ದೊರೆಯುವ ಎಷ್ಟೋ ಊರುಗಳಲ್ಲಿ ಕನ್ನಡ ಶಾಲೆಗೆ ಮಗು ಇನ್ನಷ್ಟು ದೂರ ನಡೆಯಬೇಕಾಗುತ್ತದೆ. ಆ ದಾರಿಯಲ್ಲಿ ಒಂದು ತೋಡು ಇದ್ದರೆ ಅದಕ್ಕೊಂದು ಕಾಲುಸಂಕ ಬೇಕು. ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗುವ ಹೊತ್ತಿಗೇ ಮುಂಗಾರು ಮಳೆಯೂ ಆರಂಭವಾಗುತ್ತದೆ. ಅಡಿಕೆ ಮರದ ಸಂಕದ ಮೇಲೆ ಆರು ವರ್ಷದ ಮಗುವನ್ನು ಕಳುಹಿಸಲು ಯಾವ ತಾಯಿಗೂ ಮನಸ್ಸು ಬಾರದು. ಆಗ ಆಕೆ ಕೈಗೊಳ್ಳುವ ತೀರ್ಮಾನವು ಭಾಷೆಯ ವಿರುದ್ಧವಾದುದಲ್ಲ; ತೋಡಿನ ನೀರಿಗೆ ಅಂಜಿ ಕೈಗೊಂಡದ್ದು. ಆದರೆ ಅದರ ಪರಿಣಾಮ ಮಾತ್ರ ಕನ್ನಡ ಶಾಲೆಯ ಹಾಜರಿ ಪುಸ್ತಕದ ಮೇಲೆಯೇ ಆಗುತ್ತದೆ.

ಪರಿಣಾಮ ಅಲ್ಲಿಗೂ ನಿಲ್ಲುವುದಿಲ್ಲ. ಕೇರಳದಲ್ಲಿ ಶಾಲಾರಂಭದ ಆರನೆಯ ಕಾರ್ಯದಿನದ ವಿದ್ಯಾರ್ಥಿಗಳ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ತರಗತಿ ವಿಭಾಗಗಳನ್ನೂ ಅಧ್ಯಾಪಕ ಹುದ್ದೆಗಳನ್ನೂ ನಿಗದಿಪಡಿಸಲಾಗುತ್ತದೆ. ಐದಾರು ಮಕ್ಕಳು ಬೇರೆ ಕಡೆ ಸೇರಿದರೆ ಒಂದು ವಿಭಾಗವೇ ಇಲ್ಲವಾಗಬಹುದು. ವಿಭಾಗ ಹೋದರೆ ಹುದ್ದೆಯೂ ಹೋಗುತ್ತದೆ. ಹುದ್ದೆ ಹೋದ ಶಾಲೆಗೆ ಮರುವರ್ಷ ಮಕ್ಕಳನ್ನು ಸೇರಿಸಲು ಪೋಷಕರು ಇನ್ನಷ್ಟು ಹಿಂಜರಿಯುತ್ತಾರೆ. ಹೀಗೆ ಸಭೆಯೊಂದರಲ್ಲಿ ಮುಂದೂಡಲ್ಪಟ್ಟ ಕಾಲುಸಂಕದ ಪ್ರಸ್ತಾವವು ಕೆಲವೇ ವರ್ಷಗಳಲ್ಲಿ ಶಾಲೆಯ ಅಸ್ತಿತ್ವದ ಪ್ರಶ್ನೆಯಾಗಿ ಮರಳಿ ಬರಬಲ್ಲದು.

ಸಂವಿಧಾನ ಹೆಸರಿಸಿದ ಹೊಣೆ

ಇಂತಹ ಸಂಗತಿಗಳನ್ನು ಎತ್ತಿದಾಗ, ಭಾಷೆಯ ವಿಷಯ ರಾಜ್ಯ ಸರಕಾರಕ್ಕೆ ಸೇರಿದ್ದು, ಸ್ಥಳೀಯ ಸಂಸ್ಥೆಗೆ ಅದರಲ್ಲಿ ಪಾತ್ರವಿಲ್ಲ ಎಂಬ ಉತ್ತರ ಬರುವುದುಂಟು. ಈ ಉತ್ತರವನ್ನು ಒಪ್ಪುವ ಮುನ್ನ ಸಂವಿಧಾನದ 350ಎ ವಿಧಿಯನ್ನು ನೋಡಬೇಕು. ಭಾಷಾ ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರಯತ್ನಿಸಬೇಕಾದುದು ಪ್ರತಿಯೊಂದು ರಾಜ್ಯದ ಹೊಣೆ ಮಾತ್ರವಲ್ಲ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರದ ಹೊಣೆಯೂ ಹೌದೆಂದು ಆ ವಿಧಿ ಹೇಳುತ್ತದೆ. ಪಂಚಾಯತ್ ಮತ್ತು ನಗರಸಭೆಗಳು ಈ ಮಾತಿನ ವ್ಯಾಪ್ತಿಯಿಂದ ಹೊರಗುಳಿಯಲಾರವು.

ಈ ವಿಧಿ ಸಂವಿಧಾನಕ್ಕೆ ಸೇರಿದ್ದು ಏಳನೆಯ ತಿದ್ದುಪಡಿಯ ಮೂಲಕ. ಆ ತಿದ್ದುಪಡಿ ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ಕಾಸರಗೋಡು ಕೇರಳ ರಾಜ್ಯದ ಭಾಗವಾದುದೂ ಅದೇ ದಿನ. ಗಡಿರೇಖೆಯನ್ನು ಎಳೆದ ದಿನವೇ ಆ ರೇಖೆಯ ಆಚೆ ಉಳಿದ ಮಕ್ಕಳಿಗೆ ಕೊಟ್ಟ ಮಾತು ಇದು. ಆ ಮಾತನ್ನು ಕೊಟ್ಟವರಲ್ಲಿ ಸ್ಥಳೀಯ ಸಂಸ್ಥೆಯೂ ಒಂದು ಪಕ್ಷವೆಂಬುದನ್ನು ನಾವು ನಮ್ಮ ವಾರ್ಡಿನ ಸದಸ್ಯರಿಗೆ ವಿನಯದಿಂದ, ಆದರೆ ಪದೇ ಪದೇ ನೆನಪಿಸಬೇಕಾಗಿದೆ.

ಅಧಿಕಾರದ ಮಿತಿಯೂ ವ್ಯಾಪ್ತಿಯೂ

ಆದರೆ ಏನನ್ನು ಯಾರಲ್ಲಿ ಕೇಳಬೇಕೆಂಬ ತಿಳಿವಳಿಕೆ ಇಲ್ಲದೆ ಕೇಳಿದರೆ ಪ್ರಯೋಜನವಾಗದು. ಸ್ಥಳೀಯ ಆಡಳಿತ ಸಮಿತಿಯ ಮುಂದಿಡಬಹುದಾದ ನಮ್ಮ ಬೇಡಿಕೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಸಮಿತಿ ತಾನೇ ಮಾಡಬಹುದಾದವು. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ ಮೂರನೆಯ ಅನುಸೂಚಿಯಂತೆ ಸರಕಾರಿ ಪ್ರಾಥಮಿಕ ಶಾಲೆಗಳ ಹಾಗೂ ಅಂಗನವಾಡಿಗಳ ನಿರ್ವಹಣೆ ಗ್ರಾಮ ಪಂಚಾಯತಿಗೆ ಸೇರಿದ್ದು; ಗ್ರಾಮೀಣ ಪ್ರದೇಶದ ಸರಕಾರಿ ಪ್ರೌಢಶಾಲೆಗಳು ಜಿಲ್ಲಾ ಪಂಚಾಯತಿನ ವ್ಯಾಪ್ತಿಗೆ ಬರುತ್ತವೆ. ಛಾವಣಿ, ಶೌಚಾಲಯ, ಬಾವಿ, ಆವರಣ ಗೋಡೆ ಮುಂತಾದವುಗಳ ದುರಸ್ತಿಗೆ ರಾಜ್ಯದಿಂದ ಬರುವ ನಿರ್ವಹಣಾ ನಿಧಿಯಲ್ಲಿ ರಸ್ತೆಯೇತರ ಕಾಮಗಾರಿಗಳಿಗೆಂದೇ ಪ್ರತ್ಯೇಕ ಪಾಲು ಇದೆ. ಅನುದಾನಿತ ಶಾಲೆಗಳ ಕಟ್ಟಡದ ಹೊಣೆ ವ್ಯವಸ್ಥಾಪಕರದ್ದು. ಅದನ್ನು ಪಂಚಾಯತಿನಲ್ಲಿ ಕೇಳಿ ನಿರಾಶರಾಗುವುದಕ್ಕಿಂತ ಆ ಶಾಲೆಗೆ ಹೋಗುವ ದಾರಿ, ದೀಪ, ಸಂಕಗಳನ್ನು ಕೇಳುವುದು ಹೆಚ್ಚು ಫಲಕಾರಿ.

ಇಲ್ಲಿ ಅಂಗನವಾಡಿಯ ವಿಷಯವನ್ನು ವಿಶೇಷವಾಗಿ ಹೇಳಬೇಕು. ಮೂರರಿಂದ ಆರು ವರ್ಷದ ಮಗು ಅಲ್ಲಿ ಯಾವ ಭಾಷೆಯ ಹಾಡು ಕೇಳುತ್ತದೆಯೋ, ಯಾವ ಭಾಷೆಯಲ್ಲಿ ಗೆಳೆಯರನ್ನು ಸಂಪಾದಿಸುತ್ತದೆಯೋ, ಆ ಗೆಳೆಯರೊಡನೆಯೇ ಒಂದನೆಯ ತರಗತಿಗೆ ಹೋಗಲು ಬಯಸುತ್ತದೆ. ಕನ್ನಡ ಬಲ್ಲ ಕಾರ್ಯಕರ್ತೆ ಇಲ್ಲದ ಅಂಗನವಾಡಿಯಿಂದ ಕನ್ನಡ ಶಾಲೆಗೆ ಬರುವ ದಾರಿ ತಾನಾಗಿಯೇ ಕಿರಿದಾಗುತ್ತದೆ. ನಾವು ಒಂದನೆಯ ತರಗತಿಯ ದಾಖಲಾತಿಯ ಬಗ್ಗೆ ಮೇ ತಿಂಗಳಲ್ಲಿ ಚಿಂತಿಸತೊಡಗುತ್ತೇವೆ. ಆದರೆ ಅದು ತೀರ್ಮಾನವಾಗುವುದು ಅದಕ್ಕೆ ಎರಡು ಮೂರು ವರ್ಷ ಮೊದಲೇ.

ಎರಡನೆಯದು, ಸಮಿತಿ ತಾನು ಮಾಡಲಾರದಿದ್ದರೂ ನಿರ್ಣಯದ ಮೂಲಕ ಸರಕಾರವನ್ನು ಒತ್ತಾಯಿಸಬಹುದಾದವು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮ ತರಗತಿಗಳಿಗೆ ನೇಮಿಸಿದ ಪ್ರಕರಣಗಳು ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಹೋರಾಟಕ್ಕೆ ಕಾರಣವಾಗಿವೆ. ಸರಕಾರಿ ಶಾಲೆಯ ಖಾಯಂ ಅಧ್ಯಾಪಕರ ಆಯ್ಕೆ ಲೋಕಸೇವಾ ಆಯೋಗದ್ದು. ಅದನ್ನು ಪಂಚಾಯತ್ ಬದಲಿಸಲಾರದು. ಆದರೆ ಚುನಾಯಿತ ಸಮಿತಿಯೊಂದು ಅಂಗೀಕರಿಸಿ ಕಳುಹಿಸಿದ ನಿರ್ಣಯಕ್ಕೆ ಬಿಡಿ ಮನವಿಗಿಲ್ಲದ ತೂಕವಿದೆ. ಅದು ಕಡತದಲ್ಲಿ ಉಳಿಯುತ್ತದೆ. ಮುಂದೆ ನ್ಯಾಯಾಲಯದಲ್ಲಾಗಲಿ, 350ಬಿ ವಿಧಿಯಂತೆ ನೇಮಕಗೊಳ್ಳುವ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ಮುಂದಾಗಲಿ ಆಧಾರವಾಗಿ ನಿಲ್ಲುತ್ತದೆ.

ಮೂರನೆಯದು, ಸ್ಥಳೀಯ ಸಂಸ್ಥೆಯ ಕೈಗೆ ನಿಲುಕದವು. 2025ರಲ್ಲಿ ಕೇರಳ ವಿಧಾನಸಭೆ ಅಂಗೀಕರಿಸಿದ ಮಲಯಾಳ ಭಾಷಾ ಮಸೂದೆಯ ಕುರಿತು 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಕ್ಷೇಪಿಸಿ ಪತ್ರ ಬರೆದರು; ಕನ್ನಡ ಹಾಗೂ ತಮಿಳು ಭಾಷಿಕರ ಹಕ್ಕುಗಳಿಗೆ ಮಸೂದೆಯಲ್ಲಿಯೇ ರಕ್ಷಣೆ ಇದೆಯೆಂದು ಕೇರಳ ಸರಕಾರ ಉತ್ತರಿಸಿತು. ಈ ಚರ್ಚೆ ಮಹತ್ವದ್ದು. ಆದರೆ ಅದು ರಾಜಧಾನಿಗಳ ಮಟ್ಟದ್ದು. ಅಲ್ಲಿ ದೊರೆಯುವ ರಕ್ಷಣೆ ಎಷ್ಟೇ ಗಟ್ಟಿಯಾಗಿರಲಿ, ಶಾಲೆಗೆ ತಲುಪಲಾಗದ ಮಗುವಿಗೆ ಅದರಿಂದ ಉಪಕಾರವಾಗದು.

ಒಂದು ಉತ್ತರದ ಕಥೆ

ನಮ್ಮದೇ ಅನುಭವವೊಂದನ್ನು ಇಲ್ಲಿ ಹೇಳಬೇಕು. ಶಾಲೆಯ ದಾರಿಯಲ್ಲಿ ಶಿಥಿಲಗೊಂಡ ಕಾಲುಸಂಕವೊಂದರ ದುರಸ್ತಿಗಾಗಿ ನಾವು ಕೆಲವು ಪೋಷಕರು ಸೇರಿ ಸ್ಥಳೀಯ ಸಂಸ್ಥೆಯೊಂದಕ್ಕೆ ಕನ್ನಡದಲ್ಲಿ ಅರ್ಜಿ ಸಲ್ಲಿಸಿದ್ದೆವು. ಅರ್ಜಿಯನ್ನು ಸ್ವೀಕರಿಸಿದರು, ಗೌರವದಿಂದಲೇ ಮಾತನಾಡಿಸಿದರು. ಕೆಲವು ವಾರಗಳ ಬಳಿಕ ಉತ್ತರ ಬಂತು, ಅದು ಮಲಯಾಳದಲ್ಲಿತ್ತು. ನಮ್ಮಲ್ಲಿ ಮಲಯಾಳ ಮಾತನಾಡಬಲ್ಲವರು ಬಹಳ ಮಂದಿ, ಕಚೇರಿಯ ಮಲಯಾಳವನ್ನು ಓದಬಲ್ಲವರು ಕಡಮೆ. ಕಾಗದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ಕೊನೆಗೆ ನೆರೆಮನೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಓದಿ ಹೇಳಿದಳು. ಕಾಮಗಾರಿಯನ್ನು ಮುಂಬರುವ ಗ್ರಾಮಸಭೆಯ ಆದ್ಯತಾ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕೆಂದು ಅದರಲ್ಲಿ ಸೂಚಿಸಲಾಗಿತ್ತು. ಅಷ್ಟರಲ್ಲಿ ಗ್ರಾಮಸಭೆ ಮುಗಿದಿತ್ತು.

ತಪ್ಪು ಯಾರದು? ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಕನ್ನಡಿಗರು ಸರಕಾರದ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿಯೇ ಇರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿದೆ. ಚುನಾಯಿತ ಸಂಸ್ಥೆಗಳೂ ಇದೇ ಮೇಲ್ಪಂಕ್ತಿಯನ್ನು ಅನುಸರಿಸಬೇಕೆಂಬುದು ನ್ಯಾಯವಾದ ನಿರೀಕ್ಷೆ. ಆದ್ದರಿಂದ ತಪ್ಪಿನ ಒಂದು ಪಾಲು ಕಚೇರಿಯದು. ಆದರೆ ಇನ್ನೊಂದು ಪಾಲನ್ನು ನಾವು ಒಪ್ಪಿಕೊಳ್ಳಲೇಬೇಕು. ಗ್ರಾಮಸಭೆ ನಮ್ಮ ಊರಿನಲ್ಲಿಯೇ ನಡೆದಿತ್ತು. ಅರ್ಜಿಗೆ ಸಹಿ ಹಾಕಿದ ನಾವು ಅದಕ್ಕೆ ಹೋಗಿರಲಿಲ್ಲ. ಹೋಗಿದ್ದರೆ ಆ ಉತ್ತರದ ಅಗತ್ಯವೇ ಬೀಳುತ್ತಿರಲಿಲ್ಲ.

ಎದುರಿನ ವಾದವನ್ನೂ ಕೇಳೋಣ

ಮಕ್ಕಳ ಸಂಖ್ಯೆ ಕಡಮೆಯಿರುವ ಶಾಲೆಗೆ ಹಣ ವ್ಯಯಿಸುವುದು ಹೇಗೆ, ಇರುವ ನಿಧಿಯಲ್ಲಿ ಎಲ್ಲ ವಾರ್ಡುಗಳನ್ನೂ ತೃಪ್ತಿಪಡಿಸಬೇಕಲ್ಲವೇ ಎಂದು ಸದಸ್ಯರು ಕೇಳುತ್ತಾರೆ. ಇದು ಅಲಕ್ಷಿಸಬಹುದಾದ ಪ್ರಶ್ನೆಯಲ್ಲ. ಆದರೆ ಸಂಖ್ಯೆ ಕಡಮೆಯೆಂದು ಸೌಕರ್ಯ ನಿರಾಕರಿಸಿದರೆ, ಸೌಕರ್ಯವಿಲ್ಲವೆಂದು ಸಂಖ್ಯೆ ಇನ್ನೂ ಇಳಿಯುತ್ತದೆ. ಈ ವರ್ತುಲವನ್ನು ಎಲ್ಲಿಯಾದರೂ ತುಂಡರಿಸಬೇಕು. ತುಂಡರಿಸುವ ಸಾಮರ್ಥ್ಯ ಪೋಷಕರಿಗಿಂತ ಆಡಳಿತಕ್ಕೆ ಹೆಚ್ಚು.

ಇನ್ನೊಂದು ಸಂಗತಿಯನ್ನೂ ನಾವು ಮರೆಯಬಾರದು. ನಮ್ಮ ಎಷ್ಟೋ ಶಾಲೆಗಳಲ್ಲಿ ಕನ್ನಡ ಮತ್ತು ಮಲಯಾಳ ವಿಭಾಗಗಳು ಒಂದೇ ಸೂರಿನಡಿ ಇವೆ. ಸೋರುವ ಛಾವಣಿ ಎರಡೂ ಮಕ್ಕಳ ಪುಸ್ತಕಗಳನ್ನು ಒದ್ದೆ ಮಾಡುತ್ತದೆ. ಬೀದಿನಾಯಿ ಮಗುವಿನ ಮಾತೃಭಾಷೆ ಕೇಳಿ ಅಟ್ಟಿಸಿಕೊಂಡು ಬರುವುದಿಲ್ಲ. ಮಲಯಾಳ ಮಾತನಾಡುವ ನೆರೆಯವರನ್ನು ಜತೆಗೂಡಿಸಿಕೊಂಡು ಕೇಳಿದ ಬೇಡಿಕೆಯನ್ನು ಯಾವ ಸಮಿತಿಯೂ ಸುಲಭವಾಗಿ ಬದಿಗಿಡಲಾರದು. ಭಾಷೆಯ ಹಕ್ಕಿನ ಬಗ್ಗೆ ದೃಢತೆ ಬೇಕು. ನೆರೆಯವರ ಬಗ್ಗೆ ವೈರ ಬೇಕಿಲ್ಲ.

ಪೋಷಕರು ಮಾಡಬಹುದಾದುದು

ಕೇರಳದ ಹದಿನಾಲ್ಕನೆಯ ಪಂಚವಾರ್ಷಿಕ ಯೋಜನೆಯ ಅವಧಿ 2027ರ ಮಾರ್ಚಿಗೆ ಮುಗಿಯುತ್ತದೆ. ಮುಂದಿನ ಯೋಜನೆಗಳಿಗೆ ರೂಪ ಕೊಡುವ ಹೊಣೆ ಈಗ ಆಯ್ಕೆಯಾದ ಸಮಿತಿಗಳ ಮೇಲೆಯೇ ಬೀಳಲಿದೆ. ಆದ್ದರಿಂದ ಕೇಳಲು ಇದೇ ಸೂಕ್ತ ಕಾಲ.

ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯಿದೆ ಹೇಳುತ್ತದೆ. ಮತದಾರರಲ್ಲಿ ಶೇಕಡ 10ರಷ್ಟು ಮಂದಿ ಹಾಜರಿದ್ದರೆ ಕೋರಂ. ವಾರ್ಡಿನ ಪ್ರತಿಯೊಬ್ಬ ಮತದಾರನೂ ಅದರ ಸದಸ್ಯ. ನಗರಸಭೆಯ ವ್ಯಾಪ್ತಿಯಲ್ಲಿರುವವರಿಗೆ ವಾರ್ಡ್ ಸಭೆ ಇದೆ. ರಕ್ಷಕ ಶಿಕ್ಷಕ ಸಂಘದ ಸಭೆಗೆ ಬರುವಷ್ಟು ಪೋಷಕರು ಗ್ರಾಮಸಭೆಗೂ ಬಂದರೆ ಅಲ್ಲಿಯ ಆದ್ಯತಾ ಪಟ್ಟಿಯ ಸ್ವರೂಪವೇ ಬದಲಾಗುತ್ತದೆ.

ಮನವಿಯಲ್ಲಿ ‘ಕನ್ನಡ ಶಾಲೆಯನ್ನು ಉಳಿಸಿರಿ’ ಎಂದು ಬರೆದರೆ ಅದಕ್ಕೆ ಸಹಾನುಭೂತಿ ದೊರೆಯುತ್ತದೆ, ಹಣ ದೊರೆಯುವುದಿಲ್ಲ. ಯಾವ ಸಂಕ, ಯಾವ ಶೌಚಾಲಯ, ಯಾವ ದೀಪದ ಕಂಬ, ಎಷ್ಟು ಮಕ್ಕಳಿಗೆ ಉಪಯೋಗ ಎಂಬುದನ್ನು ಬರೆಯಬೇಕು. ಕನ್ನಡದಲ್ಲಿಯೇ ಬರೆದು ಸ್ವೀಕೃತಿ ಪತ್ರ ಪಡೆಯಬೇಕು. ಕನ್ನಡದಲ್ಲಿಯೇ ಉತ್ತರ ಬೇಕೆಂದು ಕೊನೆಯ ಸಾಲಿನಲ್ಲಿ ನಮೂದಿಸಬೇಕು. ಸಭೆಯ ಬಳಿಕ ಆ ವಿಷಯದ ತೀರ್ಮಾನವೇನೆಂದು ಸದಸ್ಯರನ್ನು ವಿಚಾರಿಸಬೇಕು. ಉತ್ತರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ನಡವಳಿಯ ಪ್ರತಿಯನ್ನು ಕೇಳಬಹುದು. ಮೂವತ್ತು ದಿನಗಳೊಳಗೆ ಉತ್ತರಿಸುವುದು ಕಚೇರಿಯ ಕರ್ತವ್ಯ.

ಇನ್ನು ಕೆಲವೇ ಸಭೆಗಳು ಕಳೆದರೆ ಮತ್ತೊಂದು ಜೂನ್ ಬರುತ್ತದೆ. ತೋಡಿನಲ್ಲಿ ನೀರೇರುತ್ತದೆ, ಆರನೆಯ ಕಾರ್ಯದಿನದ ಲೆಕ್ಕವೂ ನಡೆಯುತ್ತದೆ. ನಮ್ಮ ಅರ್ಜಿಯ ಕಾಲುಸಂಕ ಈ ಸಲದ ಪಟ್ಟಿಯಲ್ಲಿ ಸೇರಬೇಕಾಗಿದೆ. ಮುಂದಿನ ಗ್ರಾಮಸಭೆಗೆ ನಾವು ಹೋಗುತ್ತೇವೆ. ತಾವೂ ತಮ್ಮ ವಾರ್ಡಿನ ಸಭೆಗೆ ಹೋಗಬೇಕೆಂದು ವಿನಂತಿಸುತ್ತೇವೆ.