ಅಟ್ಟದ ಅಡಿಕೆ, ಟಾಕೀಸಿನ ಸೀಟು



ಮಂಗಳೂರಿಂದ ಪುತ್ತೂರಿಗೆ ಬಸ್ಸು ಹತ್ತಿದವರಿಗೆಲ್ಲ ಕಬಕ ಗೊತ್ತು. ಅಲ್ಲಿ ದಾರಿ ಕವಲಾಗುತ್ತದೆ. ಒಂದು ಪುತ್ತೂರಿಗೆ, ಇನ್ನೊಂದು ವಿಟ್ಲಕ್ಕೆ. ಕೊರೊನಾ ಕಾಲದ ವ್ಯಾಪಾರಶಾಸ್ತ್ರ ನನ್ನ ತಲೆಗೆ ಹತ್ತಿದ್ದು ಈ ಕವಲಿನಿಂದಲೇ ಅಂದರೆ ನಗಬೇಡಿ!

2020ರಲ್ಲಿ ಮ್ಯಾನೇಜ್‌ಮೆಂಟ್ ಕಾಲೇಜುಗಳ ಪಂಡಿತರು ಪತ್ರಿಕೆ, ಟಿವಿಗಳಲ್ಲಿ ನಮಗೆ ಇಂಗ್ಲಿಷ್ ಅಕ್ಷರಮಾಲೆ ಕಲಿಸಿದರು. ಉದ್ಯಮಗಳು 'ವಿ' ಅಕ್ಷರದ ಹಾಗೆ ಬಿದ್ದು ಥಟ್ಟನೆ ಏಳುತ್ತವೆ ಅಂದರು ಕೆಲವರು. ಅಲ್ಲ, 'ಯು' ಹಾಗೆ ತಳದಲ್ಲಿ ತೆವಳಿ ಏಳುತ್ತವೆ ಅಂದರು ಇನ್ನು ಕೆಲವರು. ಆಮೇಲೆ ಬಂತು 'ಕೆ'. ಒಂದು ಗೆರೆ ಮೇಲಕ್ಕೆ, ಒಂದು ಕೆಳಕ್ಕೆ. ಕೆಲವು ಏರುತ್ತವೆ, ಕೆಲವು ಜಾರುತ್ತವೆ. ನಮ್ಮ ಕಬಕದ ಕವಲೇ!

ಏರಿದ್ದು ಅಡಿಕೆ. ಲಾಕ್‌ಡೌನ್ ಬಂದಾಗ ಖರೀದಿ ನಿಂತು ಕೃಷಿಕರೂ ಕಂಗಾಲಾದದ್ದು ನಿಜ. ಆದರೆ ಒಣಗಿದ ಅಡಿಕೆ ಅಟ್ಟದಲ್ಲಿ ಕೂತಿತ್ತು. ಕ್ಯಾಂಪ್ಕೊ ಮತ್ತೆ ಖರೀದಿಗಿಳಿಯಿತು, ಹೊರದೇಶದ ಅಡಿಕೆ ಬರುವುದು ಕಡಿಮೆಯಾಯಿತು, ದರ ಏರಿತು. ಕಾದವರು ಗೆದ್ದರು.

ಜಾರಿದ್ದು ಟಾಕೀಸು. 2020ರ ಮಾರ್ಚ್ 14ಕ್ಕೆ ಬಾಗಿಲು ಬಿತ್ತು. ಒಂದೇ ವಾರ ಅಂದರು. ತೆರೆಯಲು ಅನುಮತಿ ಸಿಕ್ಕಿದ್ದು ಅಕ್ಟೋಬರ್ 15ಕ್ಕೆ, ಅದೂ ಅರ್ಧ ಸೀಟಿಗೆ! ಏಳು ತಿಂಗಳ ಸೀಟುಗಳನ್ನು ಯಾವ ಅಟ್ಟದಲ್ಲಿ ಇಡೋದು ಮಾರಾಯ್ರೇ? ಇವತ್ತಿನ ಸೆಕೆಂಡ್ ಶೋ ಸೀಟನ್ನು ನಾಳೆ ಮಾರೋಕಾಗಲ್ಲ. ಪಂಡಿತರ ಪಾಠದಲ್ಲಿ ಇದು 'ಕೆಡುವ ಸರಕು'. ಬಸ್ಸಿನ ಸೀಟು, ಲಾಡ್ಜಿನ ರೂಮು, ಟಾಕೀಸಿನ ಕುರ್ಚಿ ಎಲ್ಲ ಒಂದೇ ಜಾತಿ. ಪ್ರೇಕ್ಷಕ ಬರದಿದ್ದರೂ ಸಾಲದ ಬಡ್ಡಿ ನಿಲ್ಲೋದಿಲ್ಲ. ಗೇಟ್‌ಕೀಪರ್, ಟಾರ್ಚು ಹಿಡಿದು ಸೀಟು ತೋರಿಸುವವ, ಇಂಟರ್‌ವಲ್‌ನಲ್ಲಿ ಚಾ ಮಾರುವವ... ಇವರ ಮನೆಯ ಒಲೆಗೆ 'ವಿ' ಆದರೇನು, 'ಯು' ಆದರೇನು?

ಸಿನಿಮಾಕ್ಕಾದರೆ ಬೇರೆ ದಾರಿ ಸಿಕ್ಕಿತು. 2020ರ ಜುಲೈ 17ಕ್ಕೆ 'ಲಾ' ಚಿತ್ರ ಟಾಕೀಸಿನ ಮುಖ ನೋಡದೆ ನೇರ ಅಮೆಜಾನ್ ಪ್ರೈಮ್ ಸೇರಿತು. 2021ರ ಏಪ್ರಿಲ್ 1ಕ್ಕೆ ಅಪ್ಪು ಅವರ 'ಯುವರತ್ನ' ಬಂತು. ಮರುದಿನವೇ ಕೆಲವು ಜಿಲ್ಲೆಗಳಿಗೆ ಅರ್ಧ ಸೀಟಿನ ಆಜ್ಞೆ! ನಮ್ಮ ದಕ್ಷಿಣ ಕನ್ನಡವೂ ಆ ಪಟ್ಟಿಯಲ್ಲಿ. ಚಿತ್ರರಂಗ ಬೇಡಿಕೊಂಡ ಮೇಲೆ 7ರವರೆಗೆ ವಿನಾಯಿತಿ. 9ಕ್ಕೆ ಚಿತ್ರ ಮೊಬೈಲಿನಲ್ಲಿ! ನಿರ್ಮಾಪಕ ಹೇಗೋ ಉಸಿರಾಡಿದ, ಟಾಕೀಸಿನವನ ಉಸಿರು ಕಟ್ಟಿತು. ಅದೇ ವರ್ಷ ಅಕ್ಟೋಬರ್ 29ಕ್ಕೆ ಅಪ್ಪು ಹೊರಟೇ ಹೋದರು. ಅವರು ಇದ್ದಾಗ ತೆರೆಕಂಡ ಕೊನೆಯ ಚಿತ್ರ ಅದು. ಶಿಳ್ಳೆ, ಚಪ್ಪಾಳೆ ನಡುವೆ ಅದನ್ನು ನೋಡಿದವರು ನಿಮ್ಮಲ್ಲಿ ಎಷ್ಟು ಮಂದಿ?

ಜನ ಇನ್ನು ಟಾಕೀಸಿಗೆ ಬರೋದಿಲ್ಲ ಅಂತ ಭವಿಷ್ಯ ನುಡಿದವರೂ ಇದ್ದರು. 2022ರಲ್ಲಿ 'ಕೆ.ಜಿ.ಎಫ್ ಚಾಪ್ಟರ್ 2' ಬಂತು, 'ಕಾಂತಾರ' ಬಂತು, ಹೌಸ್‌ಫುಲ್ ಬೋರ್ಡು ಧೂಳು ಕೊಡವಿ ಎದ್ದಿತು! ಆದರೆ ಸಣ್ಣ ಚಿತ್ರ ಬಂದರೆ ನಮ್ಮ ಮಾತೇನು? "ಮೊಬೈಲಲ್ಲಿ ಬರ್ತದೆ ಬಿಡು ಮಾರಾಯ!" ಅಲ್ಲೂ ಅದೇ 'ಕೆ' ಕವಲು.

ಈ ಕವಲಿನಲ್ಲಿ ದಾರಿ ಆರಿಸೋದು ಪಂಡಿತರಲ್ಲ, ಟಿಕೆಟು ಕೊಳ್ಳುವ ನಾವು. ನೋಡಬೇಕೆಂದಿರುವ ಚಿತ್ರವನ್ನು ಮೊದಲ ವಾರವೇ ನೋಡಿ. ಅಡಿಕೆ ಕಾಯುತ್ತದೆ, ಟಾಕೀಸು ಕಾಯೋದಿಲ್ಲ.

ಎಂತ ಹೇಳ್ತೀರಿ?